ಪ್ಯಾರಿಷ್ ಆಫೀಸು ಎಲ್ಲಿದೆ ಅಂತ ಹುಡುಕಬೇಡಿ, ಅದು ಇಲ್ಲ

ಓದುಗರ ಪ್ರಶ್ನೆ: ಸರ್, ನಾವು ದಾವಣಗೆರೆ ಕಡೆಯವರು. ಕೆಲವು ವರ್ಷದಿಂದ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮಾಂಕ್ಟನ್‌ನಲ್ಲಿದ್ದೇವೆ. ಪಿಆರ್ (ಕಾಯಂ ವಾಸದ ಅನುಮತಿ) ಆಗಿದೆ, ಸಿಟಿಜನ್‌ಶಿಪ್ ಇನ್ನೂ ಆಗಿಲ್ಲ. ಎಲ್ಜಿನ್ ಅನ್ನೋ ಹಳ್ಳಿ ಕಡೆ ಹತ್ತು ಎಕರೆ ಕಾಡು ಸೇರಿ ಒಂದು ಹಳೇ ಮನೆ ನೋಡಿದ್ದೇವೆ. ಕ್ರಯಪತ್ರದಲ್ಲಿ "ಪ್ಯಾರಿಷ್ ಆಫ್ ಎಲ್ಜಿನ್, ಕೌಂಟಿ ಆಫ್ ಆಲ್ಬರ್ಟ್" ಅಂತಿದೆ. ಜಾಹೀರಾತಿನಲ್ಲಿ ಮಾತ್ರ "ತ್ರೀ ರಿವರ್ಸ್" ಅಂತ ಹಾಕಿದ್ದಾರೆ. ಪ್ಯಾರಿಷ್ ಅಂದರೆ ಚರ್ಚಿನದಲ್ವಾ? ನಾವು ಚರ್ಚಿಗೆ ಏನಾದರೂ ಕಟ್ಟಬೇಕಾ? ಅದರ ಆಫೀಸು ಎಲ್ಲಿದೆ? ರಸ್ತೆ, ಕಸ, ಮನೆ ಕಟ್ಟೋ ಪರ್ಮಿಷನ್ನು, ಇದಕ್ಕೆಲ್ಲ ಯಾರ ಹತ್ತಿರ ಹೋಗಬೇಕು? ಹಿಂದಿನ ಕಾಡಿನ ಗಡಿ ಎಲ್ಲಿ ಅಂತಲೇ ಗೊತ್ತಾಗುತ್ತಿಲ್ಲ. ಕೊನೆಗೊಂದು: ಊರಿಂದ ಅಪ್ಪ ಫೋನ್ ಮಾಡಿದಾಗೆಲ್ಲ "ಅದು ಯಾವ ತಾಲ್ಲೂಕು?" ಅಂತ ಕೇಳುತ್ತಾರೆ. ಏನು ಹೇಳಲಿ?

ಉತ್ತರ:

ಮೊದಲು ನಿಮ್ಮ ಭಯ ಕಳೆಯೋಣ. ಚರ್ಚಿಗೆ ಒಂದು ಸೆಂಟೂ ಕಟ್ಟಬೇಕಿಲ್ಲ. ನಿಮ್ಮ ಪತ್ರದಲ್ಲಿರುವ ಪ್ಯಾರಿಷ್‌ಗೂ ಭಾನುವಾರದ ಪೂಜೆಗೂ ಈಗ ಯಾವ ಸಂಬಂಧವೂ ಇಲ್ಲ. ಇಲ್ಲಿನ ಕ್ಯಾಥೊಲಿಕ್ ಚರ್ಚಿಗೂ ಆಂಗ್ಲಿಕನ್ ಚರ್ಚಿಗೂ ಅವರವರದೇ ಪ್ಯಾರಿಷ್‌ಗಳಿವೆ, ಅವುಗಳ ಗಡಿಯೇ ಬೇರೆ. ನಿಮ್ಮದು ಸರ್ಕಾರಿ ಪ್ಯಾರಿಷ್. ಆದರೆ ಸರ್ಕಾರಿ ಅಂದ ಕೂಡಲೇ ಅದಕ್ಕೊಂದು ಕಟ್ಟಡ, ಒಬ್ಬ ಅಧಿಕಾರಿ, ಒಂದು ಬೋರ್ಡು ಇರಬೇಕು ಅಂತ ನಮಗೆ ಅನ್ನಿಸುತ್ತೆ ನೋಡಿ, ಗೊಂದಲ ಹುಟ್ಟೋದೇ ಅಲ್ಲಿ. ಇದಕ್ಕೆ ಏನೂ ಇಲ್ಲ. ಆಫೀಸಿಲ್ಲ, ಸಿಬ್ಬಂದಿ ಇಲ್ಲ, ಅಧ್ಯಕ್ಷರಿಲ್ಲ, ಬಜೆಟ್ ಇಲ್ಲ. ಗಡಿ ಮಾತ್ರ ಇದೆ.

ನಮ್ಮ ಪಹಣಿ ನೆನಪು ಮಾಡಿಕೊಳ್ಳಿ. ಮೇಲೆ ತಾಲ್ಲೂಕು, ಹೋಬಳಿ, ಗ್ರಾಮ ಅಂತ ಬರೆದಿರುತ್ತಾರಲ್ಲ. ಹೋಬಳಿಗೆ ಚುನಾವಣೆ ನಡೆದದ್ದನ್ನು ನೀವು ನೋಡಿದ್ದೀರಾ? ಇಲ್ಲ. ಅದು ಜಮೀನು ಎಲ್ಲಿದೆ ಅಂತ ಹೇಳೋ ಹೆಸರು. ಊರು ನಡೆಸೋದು ಪಂಚಾಯಿತಿ. ಪ್ಯಾರಿಷ್ ಹೆಚ್ಚುಕಡಿಮೆ ಹೋಬಳಿ ಥರ. ಹೋಬಳಿಗಾದರೂ ನಾಡಕಚೇರಿ ಅಂತ ಒಂದಿದೆ, ಜಾತಿ-ಆದಾಯ ಪತ್ರಕ್ಕೆ ಹೋಗಿ ನಿಲ್ಲಬಹುದು. ಪ್ಯಾರಿಷ್‌ಗೆ ಅದೂ ಇಲ್ಲ.

ಹಾಗಾಗಿ ನಿಮ್ಮ ಮನೆ ಎರಡು ನಕ್ಷೆಗಳಲ್ಲಿ ಒಟ್ಟಿಗೆ ಇದೆ ಅಂದುಕೊಳ್ಳಿ. ಒಂದು ಕೌಂಟಿ-ಪ್ಯಾರಿಷ್ ನಕ್ಷೆ (ಕೌಂಟಿ ಅಂದರೆ ಹೆಸರಿಗೆ ನಮ್ಮ ಜಿಲ್ಲೆ ಥರ), ಜಮೀನಿನ ಕಾಗದಗಳು ಮಾತಾಡೋದು ಈ ಭಾಷೆಯಲ್ಲಿ. ಇನ್ನೊಂದು ಆಡಳಿತದ ನಕ್ಷೆ, ತೆರಿಗೆ ಬಿಲ್ಲು ಮತ್ತು ಕಸದ ಲಾರಿ ಬರೋದು ಇದರ ಪ್ರಕಾರ. ಮೊದಲನೆಯದು ಬಹಳ ಕಾಲದಿಂದ ಹೆಚ್ಚು ಅಲುಗಾಡಿಲ್ಲ. ಎರಡನೆಯದನ್ನು 2023ರ ಜನವರಿ 1ಕ್ಕೆ ಬುಡಮೇಲು ಮಾಡಿದರು. ನಿಮ್ಮ ಕ್ರಯಪತ್ರ ಹಳೇ ನಕ್ಷೆ ನೋಡಿ ಬರೆದದ್ದು, ಜಾಹೀರಾತು ಹೊಸದನ್ನು ನೋಡಿ ಬರೆದದ್ದು. ಇಬ್ಬರೂ ಸರಿ.

ಈ ಗಡಿ ಬಂದದ್ದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ಕಥೆ ಚೆನ್ನಾಗಿದೆ, ನಿಮಗೂ ಉಪಯೋಗಕ್ಕೆ ಬರುತ್ತೆ.

ನ್ಯೂ ಬ್ರನ್ಸ್‌ವಿಕ್ 1784ರವರೆಗೆ ನೋವಾ ಸ್ಕೋಷಿಯಾದ ಭಾಗ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪರ ನಿಂತು ಸೋತವರು, ಲಾಯಲಿಸ್ಟ್ ಅಂತಾರೆ ಅವರನ್ನು, ಸಾವಿರಾರು ಜನ ಇಲ್ಲಿಗೆ ಬಂದು ಇಳಿದರು. ಅವರಿಗಾಗಿ ಹೊಸ ಪ್ರಾಂತ್ಯ ಮಾಡಿ, 1785ರಲ್ಲಿ ಕೌಂಟಿಗಳನ್ನು ಗುರುತಿಸಿ, 1786ರಲ್ಲಿ ಶಾಸನಸಭೆ ಕೂತು ಕೌಂಟಿಗಳನ್ನು ಪ್ಯಾರಿಷ್‌ಗಳಾಗಿ ಹಂಚಿತು. ಆಗ ಎಂಟು ಕೌಂಟಿ ಇದ್ದವು, ಈಗ ಹದಿನೈದು. ಪ್ಯಾರಿಷ್‌ಗಳು ಈಗ ಸುಮಾರು 150 ಇವೆ. ಇವಕ್ಕೆಲ್ಲ ಒಂದು ಕಾಯ್ದೆ ಇದೆ, ಟೆರಿಟೋರಿಯಲ್ ಡಿವಿಷನ್ ಆಕ್ಟ್ ಅಂತ. ಉದ್ದುದ್ದ ಚೆಕ್ಕುಬಂದಿ ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇಲ್ಲ.

ಪ್ಯಾರಿಷ್ ಅನ್ನೋ ಪದ ಇಂಗ್ಲೆಂಡಿನಿಂದ ಬಂತು. ಅಲ್ಲಿ ಬಡವರನ್ನು ನೋಡಿಕೊಳ್ಳೋದು, ರಸ್ತೆ ರಿಪೇರಿ, ಎಲ್ಲ ಚರ್ಚಿನ ಪ್ಯಾರಿಷ್ ಲೆಕ್ಕದಲ್ಲೇ ನಡೀತಿತ್ತು. ಇಲ್ಲಿಗೆ ಬಂದವರು ಗೊತ್ತಿದ್ದ ಪದವನ್ನೇ ಹಾಕಿದರು. ನೆರೆಯ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್‌ನಲ್ಲೂ ಸ್ಯಾಮ್ಯುಯೆಲ್ ಹಾಲೆಂಡ್ ಅನ್ನೋ ಸರ್ವೇಯರ್ 1764-65ರಲ್ಲಿ ಇಡೀ ದ್ವೀಪ ಅಳೆದು 67 ಲಾಟು (ಜಮೀನಿನ ತುಂಡು), 14 ಪ್ಯಾರಿಷ್ ಮಾಡಿದ್ದ. ಅಲ್ಲಿ ಲಾಟು ಉಳಿಯಿತು, ಪ್ಯಾರಿಷ್ ಮರೆತೇಹೋಯಿತು. ಇಲ್ಲಿ ಪ್ಯಾರಿಷ್ ಉಳಿಯಿತು.

ಉಳಿದದ್ದಕ್ಕೆ ಕಾರಣ, ಅದಕ್ಕೆ ಕೈತುಂಬ ಕೆಲಸ ಇತ್ತು. ಕೌಂಟಿಯ ಮ್ಯಾಜಿಸ್ಟ್ರೇಟರು ವರ್ಷಕ್ಕೊಮ್ಮೆ ಕೂತು ಪ್ರತಿ ಪ್ಯಾರಿಷ್‌ಗೂ ಆಳುಗಳನ್ನು ನೇಮಿಸುತ್ತಿದ್ದರು. ಒಬ್ಬ ಕ್ಲರ್ಕು, ಕಾನ್‌ಸ್ಟೆಬಲ್‌ಗಳು, ತೆರಿಗೆ ಲೆಕ್ಕ ಹಾಕುವವರು, ರಸ್ತೆ ನೋಡುವವರು. ಬೇಲಿ ಜಗಳ ತೀರಿಸಲಿಕ್ಕೇ ಒಬ್ಬ. ಬೀದಿಗೆ ಬಿಟ್ಟ ಹಂದಿಗಳ ಮೇಲೆ ಕಣ್ಣಿಡಲಿಕ್ಕೇ ಒಬ್ಬ. ದೊಡ್ಡಿ ಕಾಯಲಿಕ್ಕೆ ಇನ್ನೊಬ್ಬ. ದೊಡ್ಡಿ ಅಂದರೆ ನಮ್ಮೂರಿನ ಬೀಡಾಡಿ ದನದ ದೊಡ್ಡಿಯೇ. ಊರ ಗಂಡಸರು ವರ್ಷಕ್ಕೆ ಇಷ್ಟು ದಿನ ಅಂತ ರಸ್ತೆ ಕೆಲಸಕ್ಕೆ ಬಿಟ್ಟಿ ಬರಬೇಕಿತ್ತು.

ಬಡವರ ವಿಷಯ ಓದಿದರೆ ಮಾತ್ರ ಹೊಟ್ಟೆ ತೊಳಸುತ್ತೆ. ಪ್ಯಾರಿಷ್‌ನ ಬಡವರ ಖರ್ಚು ಆ ಪ್ಯಾರಿಷ್‌ನದೇ. ದಿಕ್ಕಿಲ್ಲದ ಮುದುಕಿ ಯಾವ ಪ್ಯಾರಿಷ್‌ಗೆ ಸೇರಿದವಳು ಅನ್ನೋದರ ಮೇಲೆ ಯಾರ ಜೇಬಿನಿಂದ ದುಡ್ಡು ಹೋಗುತ್ತೆ ಅಂತ ತೀರ್ಮಾನ ಆಗುತ್ತಿತ್ತು. ಖರ್ಚು ಕಡಿಮೆ ಮಾಡಲಿಕ್ಕೆ ಹರಾಜು ಕೂಗುತ್ತಿದ್ದರು. ಉಲ್ಟಾ ಹರಾಜು: "ಇವಳನ್ನು ಒಂದು ವರ್ಷ ಸಾಕಲಿಕ್ಕೆ ಯಾರು ಕಡಿಮೆ ದುಡ್ಡು ಕೇಳುತ್ತೀರಿ?" ಕಡಿಮೆ ಕೇಳಿದವನ ಮನೆಗೆ ಆ ಜೀವ ಹೋಗಬೇಕು, ಅವನು ಊಟ ಹಾಕಿದರೆ ಹಾಕಿದ, ದುಡಿಸಿದರೆ ದುಡಿಸಿದ. ನಿಮ್ಮ ಮನೆಯ ಪಶ್ಚಿಮಕ್ಕಿರುವ ಕಿಂಗ್ಸ್ ಕೌಂಟಿಯಲ್ಲಿ ಇದು 19ನೇ ಶತಮಾನದ ಕೊನೆ ಹತ್ತಿರದವರೆಗೂ ನಡೆದಿದೆ. ನಕ್ಷೆಯ ಮೇಲಿನ ಆ ತೆಳ್ಳನೆ ಗೆರೆ ಆ ಕಾಲದಲ್ಲಿ ಸುಮ್ನೆ ಗೆರೆ ಆಗಿರಲಿಲ್ಲ.

1877ರಲ್ಲಿ ಎಲ್ಲ ಕೌಂಟಿಗಳಿಗೂ ಚುನಾಯಿತ ಕೌನ್ಸಿಲ್ ಕಡ್ಡಾಯ ಆಯಿತು. ಪ್ರತಿ ಪ್ಯಾರಿಷ್‌ನಿಂದ ಇಬ್ಬರು ಕೌನ್ಸಿಲರ್. ಈಗ ಎಲ್ಜಿನ್‌ನವರಿಗೆ "ನಮ್ಮವರು" ಅಂತ ಇಬ್ಬರಾದರು. ಇದು ಸುಮಾರು ತೊಂಬತ್ತು ವರ್ಷ ನಡೆಯಿತು.

ಆಮೇಲೆ ಬಂದವರು ಲೂಯಿ ರೋಬಿಶೋ. 1960ರಲ್ಲಿ ಪ್ರಾಂತ್ಯದ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿ ಥರ, ಆದರು, ಚುನಾವಣೆ ಗೆದ್ದು ಆ ಕುರ್ಚಿಗೆ ಬಂದ ಮೊದಲ ಅಕೇಡಿಯನ್. ಅಕೇಡಿಯನ್ ಅಂದರೆ ಇಲ್ಲಿನ ಫ್ರೆಂಚ್ ಮಾತಾಡುವ ಜನ, ನಿಮ್ಮ ಮಾಂಕ್ಟನ್ ಪಕ್ಕದ ಡಿಯೆಪ್‌ನಲ್ಲಿ ಕಿವಿಗೆ ಬೀಳೋ ಫ್ರೆಂಚ್ ಅವರದೇ. ಆಗ ಶಾಲೆ, ಆಸ್ಪತ್ರೆ, ಬಡವರ ಖರ್ಚು ಎಲ್ಲ ಕೌಂಟಿಗಳ ತಲೆ ಮೇಲಿತ್ತು. ಬಡ ಕೌಂಟಿಯಲ್ಲಿ ತೆರಿಗೆ ಜಾಸ್ತಿ, ಶಾಲೆ ಮಾತ್ರ ಹರಕಲು. ಎಡ್ವರ್ಡ್ ಬರ್ನ್ ನೇತೃತ್ವದ ಆಯೋಗ 1963ರಲ್ಲಿ ವರದಿ ಕೊಟ್ಟು, ಇದನ್ನೆಲ್ಲ ಪ್ರಾಂತ್ಯವೇ ವಹಿಸಿಕೊಳ್ಳಬೇಕು ಅಂದಿತು. ರೋಬಿಶೋ ಅದಕ್ಕೆ "ಸಮಾನ ಅವಕಾಶ" ಅಂತ ಹೆಸರಿಟ್ಟು ಜಾರಿಗೆ ತಂದರು. ಇಂಗ್ಲಿಷ್ ಮಾತಾಡುವವರ ಕಡೆಯಿಂದ "ಪೀಟರ್‌ನಿಂದ ಕಿತ್ತು ಪಿಯೇರ್‌ಗೆ ಕೊಡ್ತಾನೆ" ಅನ್ನೋ ಕೂಗು ಎದ್ದಿತು (ಪೀಟರ್ ಇಂಗ್ಲಿಷ್ ಹೆಸರು, ಪಿಯೇರ್ ಫ್ರೆಂಚ್ ಹೆಸರು). ಏನೇ ಆದರೂ 1967ರ ಜನವರಿ 1ಕ್ಕೆ ಕೌಂಟಿ ಕೌನ್ಸಿಲ್‌ಗಳು ರದ್ದಾದವು. ಅದರ ಜೊತೆ ಪ್ಯಾರಿಷ್‌ನ ಇಬ್ಬರು ಕೌನ್ಸಿಲರ್‌ಗಳೂ ಹೋದರು.

ಗಡಿಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ನೋಂದಣಿ ಪುಸ್ತಕಗಳು, ಜನಗಣತಿ, ಎಲ್ಲ ಅದರ ಮೇಲೇ ನಿಂತಿದ್ದವಲ್ಲ.

ಇಲ್ಲಿಂದ ಮುಂದಿನ 56 ವರ್ಷ ನಿಜಕ್ಕೂ ವಿಚಿತ್ರ. ಟೌನು, ವಿಲೇಜು ಅಂತ ನೋಂದಣಿ ಆಗಿದ್ದ ಕಡೆ ಮೇಯರ್, ಕೌನ್ಸಿಲ್ ಇದ್ದರು. ಉಳಿದ ಹಳ್ಳಿಗಾಡಿಗೆ "ಲೋಕಲ್ ಸರ್ವಿಸ್ ಡಿಸ್ಟ್ರಿಕ್ಟ್" ಅಂತ ಮಾಡಿದರು. ಜನ ಎಲ್‌ಎಸ್‌ಡಿ ಅನ್ನುತ್ತಾರೆ (ಒಂದು ಮಾದಕ ವಸ್ತುವಿನ ಹೆಸರೂ ಅದೇ, ನಗಬೇಡಿ, ಇಲ್ಲಿನವರೂ ಮೊದಮೊದಲು ನಕ್ಕಿರಬೇಕು). ಬಹಳಷ್ಟು ಕಡೆ ಪ್ಯಾರಿಷ್ ಗಡಿಯನ್ನೇ ಎತ್ತಿ ಎಲ್‌ಎಸ್‌ಡಿ ಗಡಿ ಮಾಡಿದರು. ಜನ ಸೇರಿ ಸಲಹಾ ಸಮಿತಿ ಆರಿಸಬಹುದಿತ್ತು, ಆದರೆ ಆ ಸಮಿತಿ ಸಲಹೆ ಕೊಡಬಹುದು ಅಷ್ಟೆ. ಬಜೆಟ್ ಮಾಡೋದು, ತೆರಿಗೆ ದರ ಇಡೋದು, ಸಹಿ ಹಾಕೋದು ಎಲ್ಲ ರಾಜಧಾನಿ ಫ್ರೆಡೆರಿಕ್ಟನ್‌ನಲ್ಲಿ ಕೂತ ಮಂತ್ರಿ. ಪ್ರಾಂತ್ಯದ ಸುಮಾರು ಶೇ. 30ರಷ್ಟು ಜನ ಹೀಗೆ ಸ್ಥಳೀಯವಾಗಿ ಯಾರಿಗೂ ವೋಟ್ ಹಾಕದೆ ಬದುಕಿದರು. ನಮ್ಮ ಕಡೆ ಪಂಚಾಯಿತಿ ಚುನಾವಣೆ ಅಂದರೆ ಮನೆ ಮನೆ ನಡುವೆ ಮಾತು ಬಿಡೋವಷ್ಟು ಜೋರು. ಇಲ್ಲಿ ಚುನಾವಣೆಯೇ ಬೇಡ ಅಂದವರೂ ಬೇಕಾದಷ್ಟು ಜನ ಇದ್ದರು. ಯಾಕೆ ಅಂದರೆ ತೆರಿಗೆ ಕಡಿಮೆ. ಕೌನ್ಸಿಲ್ ಬಂದರೆ ಸಂಬಳ, ಕಟ್ಟಡ, ಬೈಲಾ, ಎಲ್ಲ ಬರುತ್ತೆ ಅಂತ ಭಯ. ಅವರದು ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಆದರೆ ನಿಮ್ಮ ತೆರಿಗೆ ದರವನ್ನು ನಿಮ್ಮ ಊರನ್ನೇ ನೋಡದ ಮಂತ್ರಿ ಬರೆಯೋದು ಸರಿಯಾದ ವ್ಯವಸ್ಥೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

2021ರ ನವೆಂಬರ್‌ನಲ್ಲಿ ಸರ್ಕಾರ ಶ್ವೇತಪತ್ರ ತಂದಿತು. ಆಗ ಸ್ಥಳೀಯ ಆಡಳಿತದ ಖಾತೆ ಡೇನಿಯಲ್ ಅಲೇನ್ ಅನ್ನೋ ಮಂತ್ರಿಯದು. 104 ಪಟ್ಟಣ-ಹಳ್ಳಿ ಆಡಳಿತ, 236 ಎಲ್‌ಎಸ್‌ಡಿ, ಒಟ್ಟು 340 ಘಟಕ ಇದ್ದದ್ದನ್ನು ಮುರಿದು ಕಟ್ಟಿ 77 ಸ್ಥಳೀಯ ಆಡಳಿತ ಮತ್ತು 12 ಗ್ರಾಮೀಣ ಜಿಲ್ಲೆ (ಸ್ವಂತ ಕೌನ್ಸಿಲ್ ಇಲ್ಲದೆ ಉಳಿದ ಹಳ್ಳಿಗಾಡು) ಮಾಡಿದರು. 2022ರ ನವೆಂಬರ್ 28ಕ್ಕೆ ಚುನಾವಣೆ, 2023ರ ಜನವರಿ 1ಕ್ಕೆ ಜಾರಿ. ಐದು ದಶಕ ತಳ್ಳಿಕೊಂಡು ಬಂದ ಕೆಲಸವನ್ನು ಒಂದೇ ವರ್ಷದಲ್ಲಿ ಮುಗಿಸಿದರು.

ಈಗ ನಿಮ್ಮ ತ್ರೀ ರಿವರ್ಸ್‌ಗೆ ಬರೋಣ. ಪೆಟಿಕೋಡಿಯಾಕ್ ಅನ್ನೋ ವಿಲೇಜಿಗೆ ಸುತ್ತಲಿನ ಎಲ್‌ಎಸ್‌ಡಿ ಪ್ರದೇಶಗಳನ್ನು ಸೇರಿಸಿ ಈ ಹೊಸ ವಿಲೇಜು ಮಾಡಿದರು. ಎಲ್ಜಿನ್, ಪಾಲೆಟ್ ರಿವರ್, ಹ್ಯಾವ್‌ಲಾಕ್ ಕಡೆಯೆಲ್ಲ ಇದಕ್ಕೆ ಬಂತು. ಹೆಸರು ಮಾತ್ರ ಸ್ವಲ್ಪ ತೊಂದರೆಯದು. ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್‌ನಲ್ಲೂ 2018ರಿಂದ ಒಂದು ತ್ರೀ ರಿವರ್ಸ್ ಟೌನ್ ಇದೆ, ಕ್ವಿಬೆಕ್‌ನಲ್ಲಿ ಅದೇ ಅರ್ಥದ ಟ್ರಾ-ರಿವಿಯೇರ್ ಅನ್ನೋ ದೊಡ್ಡ ಊರಿದೆ. ನೆಟ್‌ನಲ್ಲಿ ಹುಡುಕುವಾಗ "ನ್ಯೂ ಬ್ರನ್ಸ್‌ವಿಕ್" ಸೇರಿಸಿ. ಇಲ್ಲದಿದ್ದರೆ ಯಾವುದೋ ದ್ವೀಪದ ನಾಯಿ ಲೈಸೆನ್ಸಿನ ನಿಯಮ ಓದುತ್ತಾ ಕೂತಿರುತ್ತೀರಿ.

ಗಡಿಯ ದೃಷ್ಟಿಯಿಂದ ಇದರಲ್ಲಿ ಒಂದು ಮಜಾ ಇದೆ. ಪೆಟಿಕೋಡಿಯಾಕ್ ಇರೋದು ವೆಸ್ಟ್‌ಮೋರ್ಲೆಂಡ್ ಕೌಂಟಿಯ ಸಾಲ್ಸ್‌ಬರಿ ಪ್ಯಾರಿಷ್‌ನಲ್ಲಿ. ಎಲ್ಜಿನ್ ಪ್ಯಾರಿಷ್ ಆಲ್ಬರ್ಟ್ ಕೌಂಟಿಯದು. ಹ್ಯಾವ್‌ಲಾಕ್ ಪ್ಯಾರಿಷ್ ಕಿಂಗ್ಸ್ ಕೌಂಟಿಯದು. ಅಂದರೆ ಒಂದು ವಿಲೇಜು, ಮೂರು ಕೌಂಟಿ. ನಮ್ಮಲ್ಲಿ ಒಂದೇ ಪಂಚಾಯಿತಿ ಮೂರು ಜಿಲ್ಲೆಯಲ್ಲಿ ಕಾಲು ಚಾಚಿದರೆ ವಿಧಾನಸೌಧದಲ್ಲಿ ಗಲಾಟೆ ಆಗುತ್ತೆ. ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಕೌಂಟಿಗೆ ಅಧಿಕಾರವೇ ಇಲ್ಲವಲ್ಲ. ಪ್ಯಾರಿಷ್‌ಗಳನ್ನೂ ಅಖಂಡವಾಗಿ ತೆಗೆದುಕೊಂಡಿಲ್ಲ, ಎಷ್ಟೋ ಕಡೆ ಒಂದು ತುಂಡು ವಿಲೇಜಿಗೆ, ಉಳಿದ ತುಂಡು ಗ್ರಾಮೀಣ ಜಿಲ್ಲೆಗೆ ಅಂತ ಹಂಚಿಹೋಗಿದೆ. ಹಾಗಾಗಿ "ಎಲ್ಜಿನ್ ಪ್ಯಾರಿಷ್" ಅಂತ ಪತ್ರದಲ್ಲಿದ್ದ ಮಾತ್ರಕ್ಕೆ ತ್ರೀ ರಿವರ್ಸ್ ಅಂತ ನಂಬಬೇಡಿ. ಜಾಹೀರಾತನ್ನೂ ನಂಬಬೇಡಿ. ಆ ಆಸ್ತಿಯ ಹಿಂದಿನ ವರ್ಷದ ತೆರಿಗೆ ಬಿಲ್ ಕೇಳಿ ತೆಗೆದುಕೊಳ್ಳಿ, ಅದರಲ್ಲಿ ಯಾವ ಆಡಳಿತ ಅಂತ ಅಚ್ಚಾಗಿರುತ್ತೆ.

ಇನ್ನೊಂದು ಮಾತು, ಇದು ನಿಮಗೆ ಕುತೂಹಲ ಅನ್ನಿಸಬಹುದು. ಎಲ್ಜಿನ್, ಹ್ಯಾವ್‌ಲಾಕ್, ಈ ಎರಡು ಹೆಸರೂ ನಮ್ಮ ದೇಶದ ದಾರಿ ಹಾದಿವೆ. ಎಲ್ಜಿನ್ ಪ್ಯಾರಿಷ್ ಆದದ್ದು 1847ರಲ್ಲಿ, ಆಗಷ್ಟೇ ಕೆನಡಾಕ್ಕೆ ಗವರ್ನರ್ ಜನರಲ್ ಆಗಿ ಬಂದಿದ್ದ ಲಾರ್ಡ್ ಎಲ್ಜಿನ್ ಹೆಸರಲ್ಲಿ. ಅದೇ ಮನುಷ್ಯ 1862ರಲ್ಲಿ ಭಾರತದ ವೈಸ್‌ರಾಯ್ ಆಗಿ ಹೋದ, ಮರುವರ್ಷ ಧರ್ಮಶಾಲಾದಲ್ಲಿ ತೀರಿಕೊಂಡ. ಹ್ಯಾವ್‌ಲಾಕ್ ಪ್ಯಾರಿಷ್ 1858ರದ್ದು. 1857ರ ದಂಗೆ ಹತ್ತಿಕ್ಕಲು ಹೋಗಿ ಲಕ್ನೋದಲ್ಲಿ ಕಾಯಿಲೆಯಿಂದ ಸತ್ತ ಜನರಲ್ ಹೆನ್ರಿ ಹ್ಯಾವ್‌ಲಾಕ್ ಹೆಸರು ಅದು. ಅಂಡಮಾನ್‌ನ ಹ್ಯಾವ್‌ಲಾಕ್ ದ್ವೀಪವೂ ಅವನದೇ, ಅದನ್ನು 2018ರಲ್ಲಿ ಸ್ವರಾಜ್ ದ್ವೀಪ ಅಂತ ಬದಲಾಯಿಸಿದರು. ನಿಮ್ಮ ಹೊಸ ಮನೆಯಿಂದ ಸ್ವಲ್ಪ ದೂರದಲ್ಲಿ ಅವನ ಹೆಸರು ಹಾಗೇ ಬೋರ್ಡಿನ ಮೇಲಿದೆ.

ಸರಿ, ಯಾವ ಕೆಲಸಕ್ಕೆ ಎಲ್ಲಿಗೆ ಹೋಗಬೇಕು ಅಂತ ಕೇಳಿದ್ದೀರಿ. ಮನೆ ತ್ರೀ ರಿವರ್ಸ್ ಒಳಗೇ ಇದೆ ಅಂದುಕೊಂಡು ಹೇಳುತ್ತೇನೆ. ಬೆಂಕಿ ಆರಿಸೋದು, ಬೀದಿ ದೀಪ, ಆಟದ ಮೈದಾನ, ಇಂಥದ್ದಕ್ಕೆ ವಿಲೇಜ್ ಆಫೀಸು. ಮನೆ ಕಟ್ಟೋ, ರಿಪೇರಿ ಮಾಡೋ ಪರ್ಮಿಷನ್ನಿಗೆ ಆಗ್ನೇಯ ಭಾಗದ ಪ್ರಾದೇಶಿಕ ಸೇವಾ ಆಯೋಗ, ಅದರ ಪ್ಲಾನಿಂಗ್ ವಿಭಾಗಕ್ಕೆ ಪ್ಲಾನ್ 360 ಅನ್ನುತ್ತಾರೆ. ಕಸ ಕೊನೆಗೆ ಸೇರೋದೂ ಅದೇ ಆಯೋಗದ ಬೆರ್ರಿ ಮಿಲ್ಸ್ ಕೇಂದ್ರಕ್ಕೆ. ಇಂಥ ಆಯೋಗ ಪ್ರಾಂತ್ಯದಲ್ಲಿ ಹನ್ನೆರಡಿವೆ, 2013ರಲ್ಲಿ ಶುರುವಾದವು. 2023ರಿಂದ ಅವಕ್ಕೆ ಪ್ರವಾಸೋದ್ಯಮ, ಆರ್ಥಿಕ ಅಭಿವೃದ್ಧಿ, ಸಾರಿಗೆ ಅಂತ ಇನ್ನಷ್ಟು ಹೊರೆ ಹೊರಿಸಿದ್ದಾರೆ. ಪೊಲೀಸ್ ಅಂದರೆ ಆರ್‌ಸಿಎಂಪಿ, ಕೆನಡಾದ ಕೇಂದ್ರ ಪೊಲೀಸ್ ಪಡೆ. ಶಾಲೆ, ಆಸ್ಪತ್ರೆ ಪ್ರಾಂತ್ಯದ್ದು.

ಜನ ಜಾಸ್ತಿ ಎಡವೋದು ರಸ್ತೆ ವಿಷಯದಲ್ಲಿ. ಮನೆ ಮುಂದಿನ ರಸ್ತೆಯಲ್ಲಿ ಗುಂಡಿ ಬಿದ್ದರೆ ವಿಲೇಜಿಗೆ ಫೋನ್ ಮಾಡುತ್ತಾರೆ, ಅವರು "ಅದು ನಮ್ಮದಲ್ಲ" ಅಂತಾರೆ, ಇವರಿಗೆ ಸಿಟ್ಟು ಬರುತ್ತೆ. ಅವರು ಹೇಳೋದು ನಿಜ. ಹಿಂದೆ ಎಲ್‌ಎಸ್‌ಡಿ ಆಗಿದ್ದ ಪ್ರದೇಶಗಳಲ್ಲಿ ರಸ್ತೆಯನ್ನು ಪ್ರಾಂತ್ಯದ ಸಾರಿಗೆ ಇಲಾಖೆಯೇ ನೋಡಿಕೊಳ್ಳುತ್ತಿತ್ತು, ವಿಲೇಜಿಗೆ ಸೇರಿಸುವಾಗಲೂ ಆ ಕೆಲಸ ಇಲಾಖೆ ಹತ್ತಿರವೇ ಇರಲಿ ಅಂತ ಬಿಟ್ಟರು. ಹಿಮ ತೆಗೆಯೋ ಗಾಡಿ ಬರೋದೂ ಅಲ್ಲಿಂದಲೇ. ಮನೆ ಖರೀದಿಗೆ ಮುಂಚೆ ಕೇಳಲೇಬೇಕಾದ ಪ್ರಶ್ನೆ: ಈ ರಸ್ತೆ ಸರ್ಕಾರಿಯಾ, ಖಾಸಗಿಯಾ? ಖಾಸಗಿ ಆದರೆ ಜನವರಿಯಲ್ಲಿ ಸಲಿಕೆ ಹಿಡಿಯೋದು ನೀವೇ.

ತೆರಿಗೆ ಬಿಲ್ ಒಂದೇ ಬರುತ್ತೆ, ಪ್ರಾಂತ್ಯದಿಂದ. ಆಸ್ತಿ ಬೆಲೆ ಕಟ್ಟೋದು ಸರ್ವಿಸ್ ನ್ಯೂ ಬ್ರನ್ಸ್‌ವಿಕ್ ಅನ್ನೋ ಪ್ರಾಂತ್ಯದ ಸರ್ಕಾರಿ ಸಂಸ್ಥೆ. ಪ್ರತಿ 100 ಡಾಲರ್ ಬೆಲೆಗೆ ಇಷ್ಟು ಅಂತ ದರ. ಕಟ್ಟಲು ಮೇ 31 ಕೊನೆ. ಒಂದೇ ವಿಲೇಜಿನೊಳಗೆ ಹಳೇ ಪೆಟಿಕೋಡಿಯಾಕ್‌ಗೂ ಎಲ್ಜಿನ್ ಕಡೆಗೂ ದರ ಬೇರೆ ಬೇರೆ ಇರಬಹುದು, ಸಿಗೋ ಸೇವೆ ಬೇರೆಯಾದ್ದರಿಂದ. ಪಟ್ಟಣದ ಗೆಳೆಯರ ಬಿಲ್ ನೋಡಿ ಅಂದಾಜು ಹಾಕಬೇಡಿ. ನೀವು ಅಲ್ಲೇ ವಾಸ ಮಾಡಿದರೆ ಪ್ರಾಂತ್ಯದ ಪಾಲಿನಲ್ಲಿ ವಿನಾಯಿತಿ ಇದೆ. ಮಾಂಕ್ಟನ್ ಮನೆಯಲ್ಲೇ ಇದ್ದು ಇದನ್ನು ವಾರಾಂತ್ಯದ ಮನೆ ಮಾಡಿಕೊಂಡರೆ ಅದು ಸಿಗಲ್ಲ, ಬಿಲ್ ಏರುತ್ತೆ. ನೋಂದಣಿ ವೇಳೆ 1% ವರ್ಗಾವಣೆ ತೆರಿಗೆ ಬೇರೆ.

ವೋಟ್ ವಿಷಯ: ಪಿಆರ್ ಇದ್ದವರಿಗೆ ಇಲ್ಲ. ಕೆನಡಾ ಪ್ರಜೆ ಆಗಿರಬೇಕು, 18 ತುಂಬಿರಬೇಕು, ಪ್ರಾಂತ್ಯದಲ್ಲಿ ಆರು ತಿಂಗಳು ಇದ್ದಿರಬೇಕು. ತೆರಿಗೆ ಕಟ್ಟಬಹುದು, ವೋಟ್ ಹಾಕುವಂತಿಲ್ಲ. ನನಗೂ ಆ ವರ್ಷಗಳಲ್ಲಿ ಹೊಟ್ಟೆ ಉರೀತಿತ್ತು. ಕೌನ್ಸಿಲ್ ಸಭೆಗೆ ಹೋಗಿ ಹಿಂದಿನ ಸಾಲಲ್ಲಿ ಕೂರಲಿಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ, ಹೋಗಿ.

ಇನ್ನು ನಿಮ್ಮ ಕಾಡಿನ ಗಡಿ. ನಾನು ಈ ಊರಲ್ಲಿ ಭೂದಾಖಲೆ ಹುಡುಕೋ ಕೆಲಸ ಮಾಡಿಕೊಂಡು ಬಂದವನು, ಹಾಗಾಗಿ ಇದರ ಬಗ್ಗೆ ಮಾತು ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಎಲ್ಜಿನ್ ಪ್ಯಾರಿಷ್‌ಗೆ ಉತ್ತರದಲ್ಲಿ ವೆಸ್ಟ್‌ಮೋರ್ಲೆಂಡ್, ಪಶ್ಚಿಮದಲ್ಲಿ ಕಿಂಗ್ಸ್ ಕೌಂಟಿ, ದಕ್ಷಿಣದಲ್ಲಿ ಆಲ್ಮಾ ಪ್ಯಾರಿಷ್. ಇಂಥ ಗಡಿಗಳನ್ನು ಹಳಬರು ಹೇಗೆ ಬರೆದರು ಅಂದರೆ, ನದಿಯಿಂದ ಶುರು ಮಾಡಿ, ಇಂಥವನಿಗೆ ಮಂಜೂರಾದ ಲಾಟಿನ ಮೂಲೆವರೆಗೆ ಬಂದು, ಅಲ್ಲಿಂದ ಕಂಪಾಸಿನ ಇಷ್ಟು ಡಿಗ್ರಿಗೆ ಇಷ್ಟು ಚೈನು ಹೋಗಿ ಅಂತ. ಹಳೇ ಮಂಜೂರಾತಿ ಪತ್ರಗಳಲ್ಲಿ "ಬೈ ದ ಮ್ಯಾಗ್ನೆಟ್" ಅಂತ ಇರುತ್ತೆ. ಅಂದರೆ ಸೂಜಿ ತೋರಿಸಿದ ಉತ್ತರ, ನಿಜವಾದ ಉತ್ತರ ಅಲ್ಲ. ಇಲ್ಲಿ ಸೂಜಿ ನಿಜವಾದ ಉತ್ತರದಿಂದ ಹದಿನೈದು ಡಿಗ್ರಿಗೂ ಜಾಸ್ತಿ ಪಶ್ಚಿಮಕ್ಕೆ ವಾಲುತ್ತೆ, ಆ ವಾಲುವಿಕೆಯೂ ವರ್ಷ ಕಳೆದಂತೆ ಬದಲಾಗುತ್ತೆ. ಆ ಕಾಲದ ಕಂಪಾಸು ನೋಡಿ ಬರೆದ ಡಿಗ್ರಿಯನ್ನು ಇವತ್ತಿನ ಫೋನ್ ಕಂಪಾಸಿನಲ್ಲಿ ಹಾಕಿ ನಡೆದರೆ ಪಕ್ಕದವರ ಕೊಟ್ಟಿಗೆಯಲ್ಲಿ ಇರುತ್ತೀರಿ. ಒಂದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರಿಗೆ ಸುಮಾರು 17 ಮೀಟರ್ ತಪ್ಪುತ್ತೆ.

ಚೈನ್ ಅಂದರೆ 66 ಅಡಿ. ನಮ್ಮ ಗುಂಟೆ ಇದೆಯಲ್ಲ, 33 ಅಡಿಗೆ 33 ಅಡಿ, ಅದು ಇದರ ಸರಿಯಾಗಿ ಅರ್ಧದ ಸರಪಳಿಯಿಂದ ಬಂದ ಲೆಕ್ಕ. ಒಂದು ಚೈನ್ ಚೌಕದಲ್ಲಿ ನಾಲ್ಕು ಗುಂಟೆ. ನಿಮ್ಮ ಹಳೇ ಪತ್ರದಲ್ಲಿ "10 ಚೈನ್" ಅಂತ ಕಂಡರೆ 660 ಅಡಿ ಅಂತ ಓದಿಕೊಳ್ಳಿ. ಅಪ್ಪನಿಗೆ ಹೇಳುವಾಗ ಹತ್ತು ಎಕರೆ ಅಂದರೆ 400 ಗುಂಟೆ, ಅಲ್ಲೂ ಇಲ್ಲೂ ಎಕರೆ ಒಂದೇ.

ಒಂದು ಸಲ ಒಬ್ಬರ ಕಡತ ನನ್ನ ಕೈಗೆ ಬಂತು. ಮೂರು ತಲೆಮಾರಿನ ಪತ್ರಗಳಲ್ಲಿ ಒಂದು ಪ್ಯಾರಿಷ್ ಹೆಸರಿದೆ, ಕೊನೆಯದರಲ್ಲಿ ಮಾತ್ರ ಬೇರೆ. ಜಾಗ ಅದೇ, ಜನ ಅದೇ. ಮೂಲ ಹುಡುಕಿದರೆ, ಕೊನೆಯ ಪತ್ರ ಬರೆದವರು ಟಪಾಲು ವಿಳಾಸದಲ್ಲಿದ್ದ ಊರ ಹೆಸರನ್ನೇ ಪ್ಯಾರಿಷ್ ಅಂತ ಹಾಕಿಬಿಟ್ಟಿದ್ದರು. ಒಂದು ಪದ ಸರಿಪಡಿಸಲಿಕ್ಕೆ ಏಳು ವಾರ ಹಿಡಿಯಿತು. ಊರು ಮತ್ತು ಪ್ಯಾರಿಷ್ ಒಂದೇ ಹೆಸರಲ್ಲಿ ಇರೋದು ಇಲ್ಲಿ ಮಾಮೂಲು. ಮಾಂಕ್ಟನ್ನೇ ನೋಡಿ, ಸಿಟಿಯೂ ಇದೆ, ಸಿಟಿಯಿಂದ ಆಚೆಗೂ ಹರಡಿಕೊಂಡ ಮಾಂಕ್ಟನ್ ಪ್ಯಾರಿಷ್ಷೂ ಇದೆ. ಮಾಂಕ್ಟನ್‌ನ ಇಂಗ್ಲಿಷ್ ಸ್ಪೆಲ್ಲಿಂಗೇ ಗುಮಾಸ್ತರ ತಪ್ಪು ಗೊತ್ತಾ? ರಾಬರ್ಟ್ ಮಾಂಕ್ಟನ್ ಅನ್ನೋ ಸೇನಾಧಿಕಾರಿಯ ಹೆಸರಲ್ಲಿ ಒಂದು "ಕೆ" ಅಕ್ಷರ ಇತ್ತು, 1786ರ ಬರಹದಲ್ಲಿ ಅದು ಬಿದ್ದುಹೋಯಿತು. ಇವತ್ತಿಗೂ ವಾಪಸ್ ಬಂದಿಲ್ಲ.

ಹಾಗಾಗಿ ನೀವು ಮಾಡಬೇಕಾದ್ದು ಇಷ್ಟು. ಪತ್ರದಲ್ಲಿ ಪಿಐಡಿ ಅಂತ ಎಂಟು ಅಂಕಿಯ ಸಂಖ್ಯೆ ಇರುತ್ತೆ, ನಮ್ಮ ಸರ್ವೆ ನಂಬರ್ ಥರ. ತೆರಿಗೆ ಬಿಲ್ಲಿನಲ್ಲಿ ಪಿಎಎನ್ ಅಂತ ಇನ್ನೊಂದು ಸಂಖ್ಯೆ ಇರುತ್ತೆ, ನಮ್ಮ ಪ್ಯಾನ್ ಕಾರ್ಡ್ ಅಂದುಕೊಳ್ಳಬೇಡಿ, ಅದು ಆಸ್ತಿಯ ಖಾತೆ ನಂಬರು. ಎರಡೂ ಒಂದೇ ಜಾಗಕ್ಕೆ ಸೇರಿವೆಯಾ ಅಂತ ವಕೀಲರ ಹತ್ತಿರ ಖಚಿತ ಮಾಡಿಕೊಳ್ಳಿ. ಪಿಐಡಿಯನ್ನು ಜಿಯೋಎನ್‌ಬಿ ಅನ್ನೋ ಸರ್ಕಾರಿ ನಕ್ಷೆಯಲ್ಲಿ ಹಾಕಿದರೆ ನಿಮ್ಮ ಜಾಗದ ಗೆರೆ ಕಾಣುತ್ತೆ. ಚಂದ ಇರುತ್ತೆ, ಆದರೆ ಅದು ಅಂದಾಜಿನ ಗೆರೆ. ಅದನ್ನು ನಂಬಿ ಬೇಲಿ ಹಾಕಿ ಆಮೇಲೆ ಕಿತ್ತವರನ್ನು ನಾನು ನೋಡಿದ್ದೇನೆ. ಕಾಡಿನ ಕಡೆ ಗಡಿ ಬೇಕು ಅಂದರೆ ಲೈಸೆನ್ಸ್ ಇರುವ ಲ್ಯಾಂಡ್ ಸರ್ವೇಯರ್ ಕರೆಸಿ. ದುಡ್ಡು ಜಾಸ್ತಿಯೇ ಆಗುತ್ತೆ. ಅವರ ಜೊತೆ ನೀವೂ ಬೂಟು ಹಾಕಿಕೊಂಡು ಹೋಗಿ, ನೆಲದಲ್ಲಿ ಹೂತ ಕಬ್ಬಿಣದ ಗೂಟವೋ, ಮರದ ತೊಗಟೆ ಕೆತ್ತಿ ಮಾಡಿದ ಹಳೇ ಗುರುತೋ ಸಿಕ್ಕರೆ ಫೋಟೋ ತೆಗೆದಿಟ್ಟುಕೊಳ್ಳಿ. ಆ ಗುರುತಿನ ಮೇಲೆ ಹೊಸ ತೊಗಟೆ ಬೆಳೆದು ತುಟಿ ಮುಚ್ಚಿದ ಹಾಗಿರುತ್ತೆ, ಮೊದಲ ಸಲ ನೋಡಿದಾಗ ಅದು ಗಡಿ ಅಂತ ಗೊತ್ತೇ ಆಗಲ್ಲ.

ಬಾವಿ ನೀರು ಪರೀಕ್ಷೆ, ಸೆಪ್ಟಿಕ್ ಟ್ಯಾಂಕಿನ ತಪಾಸಣೆ ನೀವು ಕೇಳಿಲ್ಲ, ಆದರೂ ಬಿಡಬೇಡಿ. ಹಳ್ಳಿ ಮನೆಗೆ ಅವೆರಡೇ ಪ್ರಾಣ.

ಅಪ್ಪನಿಗೆ ಏನು ಹೇಳೋದು ಅಂದಿರಿ. ಊರು ಎಲ್ಜಿನ್, ಹೋಬಳಿ ಎಲ್ಜಿನ್, ಪಂಚಾಯಿತಿ ತ್ರೀ ರಿವರ್ಸ್, ಜಿಲ್ಲೆ ಹೆಸರಿಗೆ ಆಲ್ಬರ್ಟ್, ತಾಲ್ಲೂಕು ಇಲ್ಲ ಅಂತ ಹೇಳಿ. "ತಾಲ್ಲೂಕಿಲ್ಲ ಅಂದ್ರೆ ಮ್ಯುಟೇಷನ್ ಯಾರು ಮಾಡ್ತಾರೆ?" ಅಂತ ಅವರು ಕೇಳೇ ಕೇಳುತ್ತಾರೆ. ಸರ್ವಿಸ್ ನ್ಯೂ ಬ್ರನ್ಸ್‌ವಿಕ್ ಅನ್ನಿ, ನಿಮ್ಮ ವಕೀಲರೇ ಕಂಪ್ಯೂಟರಿನಲ್ಲಿ ಕಳಿಸುತ್ತಾರೆ, ನೀವು ಎಲ್ಲೂ ಸಾಲಲ್ಲಿ ನಿಲ್ಲಬೇಕಾಗಿಲ್ಲ. ಈ ಕೊನೆಯ ಮಾತನ್ನು ಅಪ್ಪ ನಂಬಲ್ಲ. ನನ್ನ ಅಪ್ಪನೂ ನಂಬಿರಲಿಲ್ಲ.